ಕ್ಲಿಯರಿಂಗ್‌ನಲ್ಲಿ ಸೀಟು ತಗೊಂಡವರು ಯಾರಾದರೂ ಇದ್ದೀರಾ?

ಇಂಗ್ಲೆಂಡಿನ ರೆಡಿಂಗ್‌ನಿಂದ ಒಬ್ಬ ತಾಯಿ ಕೇಳಿದ್ದು:
ಮಗಳು ಈ ಸಲ ಎ ಲೆವೆಲ್ (ನಮ್ಮ ಪಿಯುಸಿ ಥರದ ಪರೀಕ್ಷೆ) ಬರೆದಿದ್ದಾಳೆ. ರಿಸಲ್ಟ್ 2025ರ ಆಗಸ್ಟ್ 14ಕ್ಕೆ. ಬಯೋಮೆಡಿಕಲ್ ಸೈನ್ಸ್‌ಗೆ ಹಾಕಿದ್ದಾಳೆ. ಫರ್ಮ್ ಚಾಯ್ಸ್‌ನವರು, ಅಂದರೆ ಮೊದಲ ಆಯ್ಕೆಯ ಯೂನಿವರ್ಸಿಟಿಯವರು, ಎಬಿಬಿ ಗ್ರೇಡ್ ಕೇಳಿದ್ದಾರೆ, ಇನ್ಶೂರೆನ್ಸ್ ಚಾಯ್ಸ್‌ನವರು (ಅದು ತಪ್ಪಿದರೆ ಅಂತ ಇಟ್ಟುಕೊಂಡ ಎರಡನೇ ಆಯ್ಕೆ) ಬಿಬಿಬಿ. ಕೆಮಿಸ್ಟ್ರಿ ಪೇಪರ್ ಒಂದು ಕೈಕೊಟ್ಟಿತು ಅಂತ ಅವತ್ತಿನಿಂದ ಸಪ್ಪಗಿದ್ದಾಳೆ. ಎರಡೂ ಕೈತಪ್ಪಿದರೆ ಕ್ಲಿಯರಿಂಗ್ ಇದೆಯಲ್ಲ, ಯೂನಿವರ್ಸಿಟಿಗಳಲ್ಲಿ ಖಾಲಿ ಉಳಿದ ಸೀಟು ಅದರಲ್ಲಿ ಸಿಗುತ್ತೆ ಅಂತಾರೆ. ನಾನು, ನಮ್ಮೆಜಮಾನ್ರು ಇಬ್ಬರೂ ಸಿಇಟಿ ಕಾಲದವರು. ರ‍್ಯಾಂಕ್ ಬಂತು, ಕೌನ್ಸೆಲಿಂಗ್‌ಗೆ ಹೋದೆವು, ಸೀಟು ತಗೊಂಡೆವು. ಇಲ್ಲಿಯದು ತಲೆಬುಡ ಗೊತ್ತಾಗ್ತಿಲ್ಲ. ಯಾರಿಗೂ ಬೇಡವಾದ ಸೀಟುಗಳಾ ಇವು? ಆ ದಿನ ನಾವೇನು ಮಾಡಬೇಕು?

ಲೆಸ್ಟರ್‌ನಿಂದ ಒಬ್ಬ ತಂದೆ:
ಮೇಡಂ, ಮೊದಲು ಒಂದು ಮಾತು. ಆ ದಿನ ಫೋನ್ ನೀವು ಮಾಡಬೇಡಿ, ನಿಮ್ಮೆಜಮಾನ್ರೂ ಬೇಡ. ಮಗಳೇ ಮಾಡಬೇಕು. ಯೂನಿವರ್ಸಿಟಿಯವರು ಅರ್ಜಿ ಹಾಕಿದವರ ಹತ್ತಿರವೇ ಮಾತಾಡ್ತಾರೆ. ಯುಕಾಸ್ (ಯೂನಿವರ್ಸಿಟಿ ಅರ್ಜಿಗಳನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ) ಅರ್ಜಿಯಲ್ಲಿ ಅಪ್ಪ ಅಮ್ಮನ ಹೆಸರನ್ನು ನಾಮಿನಿ ಅಂತ ಕೊಟ್ಟಿದ್ದರೆ ಅವರು ನಿಮ್ಮ ಜೊತೆ ಮಾತಾಡಬಹುದು, ಆದರೂ ಅಡ್ಮಿಷನ್‌ನವರಿಗೆ ಹುಡುಗಿಯ ಬಾಯಿಂದಲೇ ಕೇಳಬೇಕು ಅಂತ ಇರುತ್ತೆ.

ನಮ್ಮ ಮಗನದು 2024ರಲ್ಲಿ. ರಿಸಲ್ಟ್ ಆಗಸ್ಟ್ 15ಕ್ಕೆ ಬಂತು, ಊರಿಂದ ಧ್ವಜಾರೋಹಣದ ಫೋಟೋಗಳು ಒಂದರ ಮೇಲೊಂದು ಬರ್ತಿದ್ದವು, ನಮ್ಮ ಮನೆಯಲ್ಲಿ ಸೂತಕದ ಕಳೆ. ಬೇಕಾಗಿದ್ದು ಎಎಬಿ, ಬಂದಿದ್ದು ಬಿಬಿಸಿ. ಅವನ ಅಮ್ಮನಿಗೆ ಕೈ ಕಟ್ಟಿ ಕೂರೋಕೆ ಆಗ್ತಿರಲಿಲ್ಲ, 'ಕೊಡು ಇಲ್ಲಿ, ನಾನು ಮಾತಾಡ್ತೀನಿ' ಅಂತ ಎರಡು ಸಲ ಫೋನಿಗೆ ಕೈ ಹಾಕಿದಳು. ಹಿಂದಿನ ವಾರವೇ ಒಂದು ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿಟ್ಟಿದ್ದೆವು: ಯೂನಿವರ್ಸಿಟಿ, ಕೋರ್ಸ್, ಕ್ಲಿಯರಿಂಗ್ ಫೋನ್ ನಂಬರ್, ಮನೆಯಿಂದ ರೈಲಿನಲ್ಲಿ ಎಷ್ಟು ದೂರ. ಅವನು ಮಾತಾಡ್ತಾ ಹೋದ, ನಾನು ಪಕ್ಕದಲ್ಲಿ ಬರೆದುಕೊಳ್ತಾ ಹೋದೆ. ಯಾರ ಹತ್ತಿರ ಮಾತಾಡಿದ್ದು, ಏನಂದರು, ಎಷ್ಟು ಗಂಟೆಯೊಳಗೆ ಉತ್ತರ ಕೊಡಬೇಕು, ಎಲ್ಲ. ಇದನ್ನು ಬರೆದಿಟ್ಟುಕೊಳ್ಳದಿದ್ದರೆ ನಾಲ್ಕನೇ ಕಾಲ್ ಹೊತ್ತಿಗೆ ಯಾವ ಊರಿನವರು ಏನಂದರು ಅಂತ ಎಲ್ಲ ಕಲಸಿಹೋಗುತ್ತೆ.

ಅವರು ಕೇಳೋದು ಇಷ್ಟು. ಯುಕಾಸ್ ಐಡಿ, ಕ್ಲಿಯರಿಂಗ್ ನಂಬರ್ (ಯುಕಾಸ್ ಹಬ್‌ನಲ್ಲಿ, ಅಂದರೆ ಅವರ ವೆಬ್‌ಸೈಟಿನಲ್ಲಿರೋ ಅವಳ ಖಾತೆಯಲ್ಲಿ ಕಾಣುತ್ತೆ), ಎ ಲೆವೆಲ್ ಗ್ರೇಡ್‌ಗಳು, ಜಿಸಿಎಸ್‌ಇ (ನಮ್ಮ ಹತ್ತನೇ ಕ್ಲಾಸಿನ ಥರದ್ದು) ಮ್ಯಾಥ್ಸ್ ಮತ್ತು ಇಂಗ್ಲಿಷ್ ಗ್ರೇಡ್, ಆಮೇಲೆ ಈ ಕೋರ್ಸ್ ಯಾಕೆ ಅಂತ. ಕೊನೆಯದಕ್ಕೆ ಎರಡು ನಿಮಿಷ ತಡವರಿಸದೆ ಮಾತಾಡಿದರೆ ಸಾಕು. ಕೆಲವರು ಫೋನಲ್ಲೇ ಆಫರ್ ಕೊಡ್ತಾರೆ, ಕೆಲವರು ನೋಡಿ ಹೇಳ್ತೀವಿ ಅಂತಾರೆ. ಬಾಯಿಮಾತಿನ ಆಫರ್ ಎಷ್ಟು ಬೇಕಾದರೂ ಇಟ್ಟುಕೊಳ್ಳಬಹುದು. ಆದರೆ ಹಬ್‌ನಲ್ಲಿ ಒಂದು ಸಲಕ್ಕೆ ಒಂದೇ ಚಾಯ್ಸ್ ಹಾಕೋಕೆ ಬರೋದು, ಅದೂ ಅವರು 'ಹಾಕಿ' ಅಂದ ಮೇಲೆ. ಅದನ್ನು ಹಾಕುವ ಬಟನ್ ರಿಸಲ್ಟ್ ದಿನ ಮಧ್ಯಾಹ್ನ ಒಂದು ಗಂಟೆಯವರೆಗೆ ತೆರೆಯಲ್ಲ. ಬೆಳಿಗ್ಗೆ ಪೂರ್ತಿ ವಿಚಾರಿಸೋಕೆ ಅಂತ ಇಟ್ಟುಕೊಳ್ಳಿ.

ಬೇಡವಾದ ಸೀಟುಗಳಾ ಅಂತ ಕೇಳಿದಿರಿ. ಅದು ಹಳೇ ಮಾತು. ಶೆಫೀಲ್ಡ್, ಲಿವರ್‌ಪೂಲ್, ಕಾರ್ಡಿಫ್ ಥರದ ರಸೆಲ್ ಗ್ರೂಪ್ (ಸಂಶೋಧನೆಗೆ ಹೆಸರಾದವುಗಳ ಕೂಟ) ಯೂನಿವರ್ಸಿಟಿಗಳೂ ಕ್ಲಿಯರಿಂಗ್‌ಗೆ ಬರುತ್ತವೆ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಮೆಡಿಸಿನ್ ಸೀಟು ಅಂತೂ ಬಹಳ ಅಪರೂಪ.

ಕೆಂಟ್‌ನಲ್ಲಿ ಓದುತ್ತಿರುವ ಹುಡುಗಿ:
ಆಂಟಿ, ನಾನು ಕ್ಲಿಯರಿಂಗ್‌ನಲ್ಲೇ ಬಂದವಳು, ಈಗ ಎರಡನೇ ವರ್ಷ. ಅವಳಿಗೆ ಇದನ್ನು ಓದೋಕೆ ಕೊಡಿ.

ಬೆಳಿಗ್ಗೆ ಎಂಟರ ಸುಮಾರಿಗೆ ಹಬ್ ಅಪ್‌ಡೇಟ್ ಆಗುತ್ತೆ. ಅಲ್ಲಿ ಗ್ರೇಡ್ ಇರಲ್ಲ, ಸೀಟು ಇದೆಯೋ ಇಲ್ಲವೋ ಅನ್ನೋದಷ್ಟೇ. ಗ್ರೇಡ್ ಸ್ಕೂಲಿಂದಲೇ ಬರಬೇಕು. ಗ್ರೇಡ್ ಒಂದು ಕಡಿಮೆ ಬಂದ ಮಾತ್ರಕ್ಕೆ ಸೀಟು ಹೋಯ್ತು ಅಂತ ಅಲ್ಲ, ಎಷ್ಟೋ ಸಲ ಫರ್ಮ್‌ನವರು ಹಾಗೇ ತಗೊಳ್ತಾರೆ. ಹಬ್‌ನಲ್ಲಿ ಏನೂ ಬದಲಾಗಿಲ್ಲ ಅಂದರೆ ಅವರು ಇನ್ನೂ ಯೋಚನೆ ಮಾಡ್ತಿದ್ದಾರೆ ಅಂತ. ಮೊದಲು ಅವರಿಗೇ ಫೋನ್ ಮಾಡಲಿ.

ಇನ್ನೊಂದು. ಫರ್ಮ್ ಹೋಗಿ ಇನ್ಶೂರೆನ್ಸ್‌ನವರು ತಗೊಂಡರೆ ಅವಳು ತಾನಾಗಿ ಅಲ್ಲಿಗೆ ಸೇರಿದ ಹಾಗೆ, ಕ್ಲಿಯರಿಂಗ್‌ಗೆ ಬರಲ್ಲ. ಅದು ಬೇಡ, ಬೇರೆ ಹುಡುಕ್ತೀನಿ ಅಂದರೆ ಇದ್ದ ಸೀಟು ಬಿಟ್ಟುಕೊಡುವ ಬಟನ್ ಒಂದಿದೆ. ದಯವಿಟ್ಟು ಬೇಜಾರಲ್ಲಿ ಅದನ್ನು ಒತ್ತಬೇಡಿ ಅಂತ ಹೇಳಿ! ಒತ್ತಿದರೆ ವಾಪಸ್ ಇಲ್ಲ. ಇನ್ನೊಂದು ಕಡೆಯವರು ಕೊಡ್ತೀವಿ ಅಂತ ಬಾಯಿಬಿಟ್ಟು ಹೇಳಿದ ಮೇಲೇ ಒತ್ತಬೇಕು, ಈಮೇಲ್ ಬಂದಿದ್ದರೆ ಇನ್ನೂ ಒಳ್ಳೇದು.

ಬ್ರಿಸ್ಟಲ್‌ನಿಂದ ಒಬ್ಬರು:
ಎನ್‌ಎಚ್‌ಎಸ್ (ಇಲ್ಲಿಯ ಸರ್ಕಾರಿ ಆರೋಗ್ಯ ಸೇವೆ) ಲ್ಯಾಬಿನಲ್ಲಿ ಕೆಲಸ ಮಾಡೋಳು ನಾನು, ಕೋರ್ಸ್ ಹೆಸರು ನೋಡಿ ಬರೀತಿದ್ದೀನಿ. ಬಯೋಮೆಡಿಕಲ್ ಸೈಂಟಿಸ್ಟ್ ಆಗಿಯೇ ಕೆಲಸ ಮಾಡಬೇಕು ಅಂತಿದ್ದರೆ ಡಿಗ್ರಿಗೆ ಐಬಿಎಂಎಸ್ (ಈ ವೃತ್ತಿಯವರ ಸಂಸ್ಥೆ) ಮಾನ್ಯತೆ ಇದೆಯಾ ನೋಡಿ. ಇಲ್ಲದಿದ್ದರೆ ಮುಂದೆ ಎಚ್‌ಸಿಪಿಸಿ (ಆರೋಗ್ಯ ವೃತ್ತಿಯವರನ್ನು ನೋಂದಾಯಿಸಿಕೊಳ್ಳುವ ಮಂಡಳಿ) ನೋಂದಣಿಗೆ ಹೆಚ್ಚುವರಿ ಪೇಪರ್ ಓದಬೇಕಾಗುತ್ತೆ. ಕ್ಲಿಯರಿಂಗ್ ಗಡಿಬಿಡಿಯಲ್ಲಿ 'ಬಯೋಮೆಡಿಕಲ್ ಸೈನ್ಸಸ್', 'ಮೆಡಿಕಲ್ ಸೈನ್ಸ್' ಎಲ್ಲ ಒಂದೇ ಥರ ಕಾಣುತ್ತೆ, ಒಂದೇ ಅಲ್ಲ. ಫೋನಲ್ಲಿ ಅವಳೇ ಕೇಳಲಿ, ಹಾಗೆ ಕೇಳಿದರೆ ವಿಷಯ ಗೊತ್ತಿರೋ ಹುಡುಗಿ ಅಂತ ಅವರಿಗೂ ಅನ್ನಿಸುತ್ತೆ.

ಸ್ಲೌನಿಂದ ಇನ್ನೊಬ್ಬ ತಾಯಿ:
ಅಕ್ಕ, ನಿಮ್ಮದು ಯಾವ ವೀಸಾ? ಇದನ್ನು ಯಾರೂ ಕೇಳಲಿಲ್ಲ ಅಂತ ಬರೀತಿದ್ದೀನಿ. ನಾವು ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದೆವು. ಮಗ ಇಲ್ಲೇ ಸ್ಕೂಲಿಗೆ ಹೋದವನು, ಹಾಗಾಗಿ ಇಲ್ಲಿಯವರ ಫೀಸೇ ಅಂದುಕೊಂಡಿರುತ್ತೀವಿ ಅಲ್ವಾ, ಹಾಗಲ್ಲ. ಐಎಲ್‌ಆರ್ (ಇಲ್ಲಿ ಕಾಯಂ ಇರೋಕೆ ಅನುಮತಿ) ಅಥವಾ ಪೌರತ್ವ ಇದ್ದು, ಕೋರ್ಸ್ ಶುರುವಾಗುವ ಹಿಂದಿನ ಮೂರು ವರ್ಷ ಇಲ್ಲೇ ವಾಸವಿದ್ದರೆ ಹೋಮ್ ಫೀಸ್. ಇಂಗ್ಲೆಂಡಿನಲ್ಲಿ 2025-26ಕ್ಕೆ ಅದು ಹೆಚ್ಚೆಂದರೆ 9,535 ಪೌಂಡ್. ಇಲ್ಲದಿದ್ದರೆ ಇಂಟರ್‌ನ್ಯಾಷನಲ್ ಫೀಸ್, ಸೈನ್ಸ್ ಕೋರ್ಸಿಗೆ ಅದರ ಎರಡರಷ್ಟಕ್ಕೂ ಮೇಲೆ ಹೋಗೋದು ಮಾಮೂಲು. 18 ತುಂಬಿದ ಮಕ್ಕಳು ಅರ್ಧ ವಯಸ್ಸು ಇಲ್ಲೇ ಕಳೆದಿದ್ದರೆ ಐಎಲ್‌ಆರ್ ಇಲ್ಲದೆಯೂ ಹೋಮ್ ಫೀಸ್ ಸಿಗುವ ದಾರಿ ಒಂದಿದೆ, ಅದಕ್ಕೂ ಷರತ್ತುಗಳಿವೆ, ನಮ್ಮವನು ಚಿಕ್ಕವನಿದ್ದಾಗ ಬಂದಿದ್ದರಿಂದ ಅದರಲ್ಲೇ ಆಯ್ತು. ಆದರೆ ಒಂದು ಕಡೆ ಬಾಯಿಮಾತಿನ ಆಫರ್ ಕೊಟ್ಟು, ಫೀಸ್ ಯಾವುದು ಅಂತ ತಿಳಿಸೋಕೆ ಎಳೆದಾಡಿದರು, ಅಷ್ಟರಲ್ಲಿ ಅವರು ಕೊಟ್ಟ ಗಡುವೇ ಮುಗೀತು. ಹಾಗಾಗಿ ಈಗಲೇ, ಜುಲೈನಲ್ಲೇ, ಪಾಸ್‌ಪೋರ್ಟ್, ಇ-ವೀಸಾ, ಹಳೇ ಸ್ಕೂಲಿನ ಪತ್ರ ಎಲ್ಲ ಒಂದು ಫೋಲ್ಡರಿಗೆ ಹಾಕಿಡಿ.

ಮೈಸೂರಿನಿಂದ ಒಬ್ಬರು:
ನಡುವೆ ಬಂದೆ, ಕ್ಷಮಿಸಿ. ಅಣ್ಣನ ಮಗ ಇಲ್ಲೇ ಪಿಯುಸಿ ಮುಗಿಸಿದ್ದಾನೆ. ಅವನಿಗೂ ಕ್ಲಿಯರಿಂಗ್ ಆಗುತ್ತಾ?

ಲೆಸ್ಟರ್‌ನ ತಂದೆ:
ಆಗುತ್ತೆ, ಕ್ಲಿಯರಿಂಗ್ ಎಲ್ಲರಿಗೂ ತೆರೆದಿರುತ್ತೆ, ಜುಲೈ ಮೊದಲ ವಾರದಿಂದ ಅಕ್ಟೋಬರ್‌ವರೆಗೆ. ಆದರೆ ಅವನಿಗೆ ಸೀಟಿಗಿಂತ ದಿನಗಳದ್ದೇ ತಲೆನೋವು. ಯೂನಿವರ್ಸಿಟಿ ಸಿಎಎಸ್ (ಸೀಟು ಇದೆ ಅಂತ ವೀಸಾಗೆ ಬೇಕಾದ ದೃಢೀಕರಣ) ಕೊಡಬೇಕು, ಟಿಬಿ ಟೆಸ್ಟ್ ಆಗಬೇಕು, ದುಡ್ಡು ಖಾತೆಯಲ್ಲಿ 28 ದಿನ ಕದಲದೆ ಕೂತಿರಬೇಕು, ಆಮೇಲೆ ವೀಸಾಗೆ ಮೂರು ವಾರ. ಅಣ್ಣನವರು ಎಫ್‌ಡಿ ಮುರಿಸುವುದಿದ್ದರೆ ಇವತ್ತೇ ಮುರಿಸಲಿ. ಮತ್ತೆ ಕೆಲವು ಯೂನಿವರ್ಸಿಟಿಗಳು ಪಿಯುಸಿ ಮೇಲೆ ನೇರ ಮೊದಲ ವರ್ಷಕ್ಕೆ ತಗೊಳ್ಳಲ್ಲ, ಫೌಂಡೇಷನ್ ಮಾಡು ಅಂತಾರೆ, ಒಂದು ವರ್ಷದ ಫೀಸ್ ಜಾಸ್ತಿ. ಮೊದಲು ಈಮೇಲ್ ಹಾಕಿ ಕೇಳಲಿ.

ಕೊವೆಂಟ್ರಿಯಿಂದ ಒಬ್ಬ ಟೀಚರ್:
ಸಿಕ್ಕಿದ್ದಕ್ಕೆಲ್ಲ ಸುಮ್ನೆ ಸೇರಿಸಬೇಡಿ. ಮೂರು ವರ್ಷದ ಸಾಲ, ಮಗುವಿನ ಮೂರು ವರ್ಷ. ನಮ್ಮ ಕಡೆಯವರಲ್ಲಿ ಈ ಭಯ ನೋಡಿದ್ದೀನಿ, 'ಒಂದು ವರ್ಷ ಮನೇಲಿ ಕೂತರೆ ಜನ ಏನಂತಾರೆ' ಅಂತ. ಇಲ್ಲಿ ಯಾರೂ ಏನೂ ಅನ್ನಲ್ಲ, ಒಂದು ವರ್ಷ ಬಿಟ್ಟು ಮುಂದಿನ ಬೇಸಿಗೆಗೆ ಮತ್ತೆ ಬರೆಯೋದು ಮಾಮೂಲಿ ಸಂಗತಿ.

ಕೆಮಿಸ್ಟ್ರಿಯಲ್ಲಿ ಒಂದೆರಡು ಅಂಕದಲ್ಲಿ ಗ್ರೇಡ್ ತಪ್ಪಿದ್ದರೆ ಮರುಪರಿಶೀಲನೆಗೆ ಕೇಳಬಹುದು. ಸ್ಕೂಲ್ ಮೂಲಕವೇ ಕೇಳಬೇಕು, ಸೀಟು ಅದರ ಮೇಲೆ ನಿಂತಿದ್ದರೆ ಬೇಗ ಮಾಡುವ ಆದ್ಯತೆಯ ದಾರಿ ಇದೆ. ಅಂಕ ಇಳಿಯಲೂಬಹುದು, ಅದು ಗೊತ್ತಿರಲಿ. ಕೇಳಿದ್ದೀವಿ ಅಂತ ಫರ್ಮ್ ಯೂನಿವರ್ಸಿಟಿಗೂ ಅವತ್ತೇ ಹೇಳಿ, ಇಲ್ಲದಿದ್ದರೆ ಸೀಟು ಕಾಯಲ್ಲ.

ರೆಡಿಂಗ್‌ನ ತಾಯಿ:
ಎಲ್ಲರಿಗೂ ಥ್ಯಾಂಕ್ಸ್. ನಮಗೆ ಐಎಲ್‌ಆರ್ ಬಂದು ವರ್ಷವಾಯ್ತು, ಇಲ್ಲಿಗೆ ಬಂದು ಆರು ವರ್ಷ ದಾಟಿದೆ, ಹಾಗಾಗಿ ಫೀಸಿನ ಚಿಂತೆ ಇಲ್ಲ ಅಂತ ಕಾಣುತ್ತೆ. ಸ್ಟೂಡೆಂಟ್ ಫೈನಾನ್ಸ್‌ಗೆ (ಓದೋಕೆ ಸರ್ಕಾರ ಕೊಡುವ ಸಾಲ) ಫರ್ಮ್ ಹೆಸರು ಕೊಟ್ಟು ಅರ್ಜಿ ಹಾಕಿಬಿಟ್ಟಿದ್ದೀವಿ, ಅದನ್ನು ಮತ್ತೆ ಮೊದಲಿಂದ ಹಾಕಬೇಕಾ? ಹಾಸ್ಟೆಲ್?

ಕೆಂಟ್‌ನ ಹುಡುಗಿ:
ಬೇಡ ಆಂಟಿ, ಲಾಗಿನ್ ಆಗಿ ಯೂನಿವರ್ಸಿಟಿ ಮತ್ತು ಕೋರ್ಸ್ ಬದಲಾಯಿಸಿದರೆ ಆಯ್ತು, ಸೀಟು ಖಾತ್ರಿಯಾದ ಕೂಡಲೇ ಮಾಡಿಬಿಡಿ. ಹಾಸ್ಟೆಲ್ ಎಲ್ಲ ಕಡೆ ಗ್ಯಾರಂಟಿ ಇಲ್ಲ. ಆಫರ್ ಕೊಡುವಾಗಲೇ ರೂಮ್ ಇದೆಯಾ, ಯಾವ ತಾರೀಖಿನೊಳಗೆ ಅರ್ಜಿ ಹಾಕಬೇಕು ಅಂತ ಅವಳು ಕೇಳಲಿ. ನನಗೆ ಕ್ಯಾಂಪಸ್‌ನಲ್ಲಿ ಸಿಗಲಿಲ್ಲ, ಬಸ್ಸಲ್ಲಿ ಇಪ್ಪತ್ತು ನಿಮಿಷದ ಪ್ರೈವೇಟ್ ಹಾಲ್ ಸಿಕ್ತು, ಬಾಡಿಗೆ ಸ್ವಲ್ಪ ಜಾಸ್ತಿ, ಅಡುಗೆಮನೆ ಮಾತ್ರ ಚೆನ್ನಾಗಿತ್ತು. ಮತ್ತೆ ಆ ವಾರ ಊರಿಗೆ ಟಿಕೆಟ್ ಬುಕ್ ಮಾಡಿದ್ದರೆ ಮುಂದಕ್ಕೆ ಹಾಕಿ, ಬೆಂಗಳೂರಿಂದ ಈ ಕಾಲ್ ಎಲ್ಲ ಮಾಡೋದು ಕಷ್ಟ.