ವೈರಸ್ ಮಾತ್ರೆ ತಗೊಂಡ್ರೆ ಮರೆವು ನಿಲ್ಲುತ್ತಾ? – ಭಾನುವಾರದ ಪ್ರಶ್ನೋತ್ತರ, ಬೆಂಗಳೂರು ಆರೈಕೆದಾರರ ಗುಂಪು

ರಮೇಶ್, ವಿಜಯನಗರ: ಮೇಡಂ ನಮಸ್ಕಾರ. ತುಟಿ ಮೇಲೆ ಗುಳ್ಳೆ ಬರ್ಸೋ ಹರ್ಪಿಸ್ ವೈರಸ್ಸಿಂದಾನೇ ಆಲ್ಝೈಮರ್ ಬರೋದು, ವ್ಯಾಲಸೈಕ್ಲೋವಿರ್ ಅನ್ನೋ ವೈರಸ್ ಮಾತ್ರೆ ತಗೊಂಡ್ರೆ ನಿಲ್ಲುತ್ತೆ ಅಂತ ಫಾರ್ವರ್ಡ್ ಬಂದಿದೆ. ನಿಜಾನಾ?

ಡಾ. ಶೈಲಜಾ (ನರರೋಗ): ನಮಸ್ಕಾರ. ಅನುಮಾನ ಹಳೇದು, ಅದಕ್ಕೆ ಆಧಾರಾನೂ ಇದೆ. ಆ ವೈರಸ್ ಮುಖದ ನರದ ಬುಡದಲ್ಲಿ ಜೀವನಪೂರ್ತಿ ಅಡಗಿರುತ್ತೆ, ಲ್ಯಾಬಲ್ಲಿ ಅದು ಹೊಕ್ಕ ನರಕೋಶದಲ್ಲಿ ಅಮೈಲಾಯ್ಡ್ (ಆಲ್ಝೈಮರ್ ಇರೋರ ಮೆದುಳಲ್ಲಿ ಸೇರ್ಕೊಳ್ಳೋ ಪ್ರೋಟೀನು) ಜಾಸ್ತಿ ಆಗೋದನ್ನ ನೋಡಿದ್ದಾರೆ. ಅದಕ್ಕೇ ಅಮೆರಿಕದಲ್ಲಿ ಕಾಯಿಲೆ ಶುರುವಿನ ಹಂತದ 120 ಜನರಲ್ಲಿ 78 ವಾರ ಈ ಮಾತ್ರೆ ಟ್ರಯಲ್ ಮಾಡಿದ್ರು. 2025ರಲ್ಲಿ ರಿಸಲ್ಟ್ ಬಂತು. ಉಪಯೋಗ ಆಗ್ಲಿಲ್ಲ, ಮಾತ್ರೆ ತಗೊಂಡವರ ನೆನಪಿನ ಪರೀಕ್ಷೆ ಡಮ್ಮಿ ಮಾತ್ರೆಯವರಿಗಿಂತ ಕೆಟ್ಟದಾಗೇ ಬಂತು.

ಲಕ್ಷ್ಮಿ: ಕೊಬ್ಬರಿ ಎಣ್ಣೆ ದಿನಾ ಎರಡು ಚಮಚ ಕುಡಿಸಬಹುದಾ ಮೇಡಂ?

ಡಾ. ಶೈಲಜಾ: ಅಡುಗೆಗೆ ಹಾಕಿ.

ಸವಿತಾ, ಬನಶಂಕರಿ: ಮೇಡಂ ನಮ್ಮತ್ತೆಗೆ 74, ಶುಗರ್ ಇದೆ, ಕಿಡ್ನಿ ವೀಕು ಅಂದಿದ್ರು. ಅದೇ ಫಾರ್ವರ್ಡ್ ನೋಡಿ ನಮ್ಮನೆಯವರು ಆ ಮಾತ್ರೆ ತಂದು ನಾಲ್ಕು ದಿನದಿಂದ 1 ಗ್ರಾಂದು ದಿನಕ್ಕೆ ಮೂರು ಕೊಡ್ತಿದ್ದಾರೆ. ನಿನ್ನೆಯಿಂದ ಗೋಡೆ ಮೇಲೆ ಇರುವೆ ಸಾಲು ಹೋಗ್ತಿದೆ ಅಂತ ಸೆರಗಲ್ಲಿ ಒರೆಸ್ತಾನೇ ಇದಾರೆ, ಮಾತೂ ತೊದಲ್ತಿದೆ. ಮರೆವು ಜಾಸ್ತಿ ಆಯ್ತಾ?

ಡಾ. ಶೈಲಜಾ: ಸವಿತಾ ಅವ್ರೇ, ಮುಂದಿನ ಮಾತ್ರೆ ಕೊಡಬೇಡಿ, ಈಗ್ಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ನಾಳೆ ಓಪಿಡಿಗೆ ಅಂತ ಕಾಯ್ಬೇಡಿ. ಆಲ್ಝೈಮರ್ ತಿಂಗಳು ವರ್ಷ ಲೆಕ್ಕದಲ್ಲಿ ನಿಧಾನವಾಗಿ ಹೆಚ್ಚಾಗೋ ಕಾಯಿಲೆ, ಎರಡೇ ದಿನದಲ್ಲಿ ಇರುವೆ ಕಾಣೋಕೆ ಶುರುವಾದ್ರೆ ಬೇರೆ ಏನೋ ಆಗಿದೆ ಅಂತಾನೇ ತಿಳ್ಕೋಬೇಕು. ಈ ಮಾತ್ರೆ ಹೊರಗೆ ಹೋಗೋದು ಕಿಡ್ನಿಯಿಂದ, ಕಿಡ್ನಿ ವೀಕಿದ್ರೆ ರಕ್ತದಲ್ಲೇ ಉಳ್ಕೊಂಡು ಮೆದುಳಿಗೆ ಏರುತ್ತೆ, ಗೊಂದಲ, ಇಲ್ಲದ್ದು ಕಾಣೋದು, ತೊದಲು, ಕೆಲವರಿಗೆ ಫಿಟ್ಸು ಕೂಡ. ಸ್ಟ್ರಿಪ್ಪು, ಹಳೇ ರಿಪೋರ್ಟು, ಶುಗರ್ ಮಾತ್ರೆ ಎಲ್ಲಾ ಜೊತೆಗಿರಲಿ. ಕ್ರಿಯೇಟಿನೈನ್ (ಕಿಡ್ನಿ ಟೆಸ್ಟು), ಸೋಡಿಯಂ, ಶುಗರ್, ಯೂರಿನ್ ಇವತ್ತೇ ನೋಡಲಿ, ಸ್ಟ್ರೋಕ್ ಅಲ್ಲ ಅಂತಾನೂ ನೋಡ್ಬೇಕು. ಮಾತ್ರೆಯಿಂದಾನೇ ಆಗಿದ್ರೆ ಸಾಮಾನ್ಯವಾಗಿ ವಾಸಿ ಆಗುತ್ತೆ, ಡಯಾಲಿಸಿಸ್ ಬೇಕಾದ್ರೂ ಹೆದರಬೇಡಿ. ಹೊರಟ ತಕ್ಷಣ ಇಲ್ಲಿ ಹಾಕಿ.

ಪ್ರಕಾಶ್, ಆರ್.ಟಿ. ನಗರ: ಕಿಡ್ನಿ ಚೆನ್ನಾಗಿರೋರು ತಗೋಬಹುದಲ್ವಾ ಹಾಗಾದ್ರೆ?

ಡಾ. ಶೈಲಜಾ: ಮರೆವಿಗೆ ಅಂತ ಯಾರೂ ತಗೋಬಾರ್ದು. ಮೇಲೆ ಬರ್ದಿದೀನಿ.

ಪ್ರಕಾಶ್: ಬ್ರಿಟನ್ನಿನ ವೇಲ್ಸಲ್ಲಿ ವೈರಸ್ ತಡೆದ್ರೆ ಮರೆವು ಕಮ್ಮಿ ಅಂತ ಪ್ರೂವ್ ಆಗಿದೆಯಲ್ಲ? ಕಂಪನಿಗಳು ಮುಚ್ಚಿಡ್ತಿವೆ.

ಮಂಜುಳಾ: ಅದು ಸರ್ಪಸುತ್ತಿನ ಲಸಿಕೆ ಸಾರ್, ಬೇರೆ ವೈರಸ್ಸು. ನೇಚರ್ ಪತ್ರಿಕೇಲಿ ಬಂದಿದ್ದು, ಲಸಿಕೆ ಹಾಕಿಸ್ಕೊಂಡವರಲ್ಲಿ ಏಳು ವರ್ಷದಲ್ಲಿ ಮರೆವಿನ ಕಾಯಿಲೆ ಸುಮಾರು 20% ಕಮ್ಮಿ. ಮಾತ್ರೆಗೂ ಅದಕ್ಕೂ ಏನು ಸಂಬಂಧ?

ಪ್ರಕಾಶ್: ನೀವೇನು ಡಾಕ್ಟ್ರಾ?

ಮಂಜುಳಾ: ಒಂಬತ್ತು ವರ್ಷ ನಮ್ಮಪ್ಪನ್ನ ನೋಡ್ಕೊಂಡಿದೀನಿ. ಆ ಫಾರ್ವರ್ಡ್ ಈ ಗುಂಪಿಗೆ ಹಾಕಿದ್ದೇ ನೀವು, ಮೇಲಕ್ಕೆ ಹೋಗಿ ನೋಡಿ.

ನಾಗರಾಜ್: ಎಪಿಒಇ (ಆಲ್ಝೈಮರ್ ಅಪಾಯದ ಜೀನ್) ಟೆಸ್ಟ್ ಮಾಡಿಸ್ಬೇಕಾ ಮೇಡಂ? ನಮ್ಮ ತಾಯಿಗೆ ಆಲ್ಝೈಮರ್ ಇತ್ತು.

ರಮೇಶ್: ಮೇಡಂ ನಿಂಬೆಹಣ್ಣು-ಅರಿಶಿನ…

ಡಾ. ಶೈಲಜಾ: ದಯವಿಟ್ಟು ಇನ್ನೊಂದು ಫಾರ್ವರ್ಡ್ ಇಲ್ಲಿ ಹಾಕಬೇಡಿ. ಒಂದು ಮನೇಲಿ ಇವತ್ತು ಏನಾಗಿದೆ ನೋಡಿದ್ರಲ್ಲ. ಪ್ರಕಾಶ್, ನೀವು ಹಾಕಿದ ಫಾರ್ವರ್ಡ್ ಅಳಿಸಿ. ಸವಿತಾ, ಹೊರಟ್ರಾ?

ನಾಗರಾಜ್: ಮೇಡಂ ನನ್ನ ಪ್ರಶ್ನೆ?

ಸವಿತಾ: ಎಮರ್ಜೆನ್ಸೀಲಿ ಇದೀವಿ ಮೇಡಂ. ಕ್ರಿಯೇಟಿನೈನ್ 4.1, ತುಂಬಾ ಜಾಸ್ತಿ ಅಂದ್ರು. ಅತ್ತೆ ಈಗ ಬೆಡ್‌ಶೀಟ್ ಮೇಲೆ ಒರೆಸ್ತಿದಾರೆ.

ಡಾ. ಶೈಲಜಾ: ಸ್ಟ್ರಿಪ್ ತೋರಿಸಿದ್ರಾ?