ಮೂರು ತಿಂಗಳ ಬಾಡಿಗೆ ಬಾಕಿ, ಬೀಗ ಜಡಿಯುತ್ತೇನೆ ಅಂತಿದ್ದಾರೆ

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ, ತಿಂಗಳಿಗೆ 14,000. ಕೆಲಸ ಹೋದ ಮೇಲೆ ಬಾಕಿ ಉಳಿದಿದೆ. ಓನರ್ ಹತ್ತಿರ ನಮ್ಮ ಒಂದು ಲಕ್ಷ ಅಡ್ವಾನ್ಸ್ ಇದೆ. ಆದರೂ ಭಾನುವಾರ ಸಾಮಾನು ಹೊರಗೆ ಹಾಕಿ ಬೀಗ ಹಾಕುತ್ತೇನೆ ಅಂತ ವಾಟ್ಸಾಪ್ ಮಾಡಿದ್ದಾರೆ. ನಿನ್ನೆ ಫ್ಯೂಸ್ ಕೂಡ ಕಿತ್ತುಕೊಂಡು ಹೋದರು. ಹಾಗೆ ಮಾಡಬಹುದಾ?

ಉತ್ತರ: ಮಾಡೋ ಹಾಗಿಲ್ಲ. ಬಾಕಿ ನಿಜವೇ ಇರಲಿ, ಕೋರ್ಟ್ ಆದೇಶ ಇಲ್ಲದೆ ಹೊರಗೆ ಹಾಕುವಂತಿಲ್ಲ. ಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ ಆರು ತಿಂಗಳೊಳಗೆ ದಾವೆ ಹೂಡಿ ಮನೆ ವಾಪಸ್ ಕೇಳಬಹುದು. ಫ್ಯೂಸ್ ಇಲ್ಲದ ಮೀಟರ್ ಬೋರ್ಡಿನ ಫೋಟೊ ತೆಗೆದಿಡಿ, ಆ ಮೆಸೇಜ್ ಅಳಿಸಬೇಡಿ.

ಉತ್ತರ: ಬಾಡಿಗೆ ಕಾಯ್ದೆಯಲ್ಲಿ ನೋಟಿಸ್ ಬಂದ ಮೇಲೆ ಬಾಕಿ ಕಟ್ಟೋಕೆ ಎರಡು ತಿಂಗಳು ಇದೆ ಅಲ್ವಾ?

ಉತ್ತರ: ಇದೆ, ಇವರಿಗೆ ಸಿಗಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಲ್ಲಿ ತಿಂಗಳಿಗೆ 3,500 ದಾಟಿದ ಮನೆಗೆ ಅನ್ವಯಿಸುವುದಿಲ್ಲ. (ಆ ದುಡ್ಡಿಗೆ ಈಗ ಸ್ಕೂಟರ್ ನಿಲ್ಲಿಸೋಕೆ ಜಾಗ ಸಿಕ್ಕರೆ ಜಾಸ್ತಿ.) ಇವರದು 1882ರ ಆಸ್ತಿ ವರ್ಗಾವಣೆ ಕಾಯ್ದೆಗೆ ಬರುತ್ತದೆ. ಬಾಕಿ ಕಾರಣಕ್ಕೇ ಕರಾರು ರದ್ದು ಮಾಡಿ ಕೇಸ್ ಹಾಕಿದರೆ, ವಿಚಾರಣೆ ವೇಳೆ ಬಾಕಿ, ಬಡ್ಡಿ, ಖರ್ಚು ಕಟ್ಟಿದವರನ್ನು ಮನೆಯಲ್ಲೇ ಉಳಿಸುವ ಅಧಿಕಾರ 114ನೇ ಸೆಕ್ಷನ್ನಿನಲ್ಲಿ ಕೋರ್ಟಿಗಿದೆ. ಬಾಕಿ ಅಡ್ವಾನ್ಸಿನಲ್ಲಿ ತಾನಾಗೇ ವಜಾ ಆಗುತ್ತೆ ಅಂತ ಸುಮ್ನೆ ಕೂರಬೇಡಿ. ಓನರ್ ಒಪ್ಪಿದರೆ ಬರೆಸಿಕೊಳ್ಳಿ.

ಉತ್ತರ: ವಕೀಲರಿಗೆ ದುಡ್ಡಿಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಕಾನೂನು ಸೇವಾ ಪ್ರಾಧಿಕಾರದ್ದು. ಹೆಂಗಸರಿಗೆ ಆದಾಯ ಕೇಳದೆ ಉಚಿತ ವಕೀಲರನ್ನು ಕೊಡುತ್ತಾರೆ.