ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು, 60 ದಾಟಿದ್ರೆ ಗುಂಯ್ ಅನ್ನುತ್ತೆ, ಸಹಾಯ ಬೇಕು

ಎಲ್ರಿಗೂ ನಮಸ್ಕಾರ. 2021ರ ಮಾಡೆಲ್ ಎಲೆಕ್ಟ್ರಿಕ್ ಕಾರೊಂದು ನೋಡಿದೀನಿ, 48 ಸಾವಿರ ಕಿ.ಮೀ. ಓಡಿದೆ, ಭಾನುವಾರ ತುಮಕೂರು ರೋಡಲ್ಲಿ ಓಡಿಸಿ ನೋಡ್ದೆ. ಸಿಟಿ ಒಳಗೆ ಬೆಣ್ಣೆ ಥರ ಹೋಯ್ತು, ಆದ್ರೆ 60 ದಾಟ್ತಿದ್ದಂಗೆ ಮುಂದೆ ಎಡಗಡೆಯಿಂದ ಗುಂಯ್ ಅಂತ ಶುರುವಾಗಿ 80ಕ್ಕೆ ಸ್ಟೀರಿಂಗೇ ಸಣ್ಣಗೆ ನಡುಗುತ್ತೆ, ಕಪ್ ಹೋಲ್ಡರಲ್ಲಿಟ್ಟಿದ್ದ ಚಿಲ್ಲರೆ ಕೂಡ ಟಕಟಕ ಅಂತಿತ್ತು. ಪೆಟ್ರೋಲ್ ಗಾಡಿ ಆಗಿದ್ರೆ ಇಂಜಿನ್ ಸದ್ದಲ್ಲಿ ಗೊತ್ತೇ ಆಗ್ತಿರ್ಲಿಲ್ವೇನೋ.

ಆಕ್ಸಿಲರೇಟರ್ ಬಿಟ್ಟೆ, ಖಾಲಿ ರೋಡಲ್ಲಿ ನ್ಯೂಟ್ರಲ್‌ಗೂ ಹಾಕ್ದೆ, ಸದ್ದು ಹಂಗೇ ಇತ್ತು, ಸ್ಪೀಡ್ ಇಳಿದ್ರೆ ಮಾತ್ರ ಕಮ್ಮಿ. ಹಂಗಾಗಿ ಮೋಟರ್ ಮೇಲೆ ಅನುಮಾನ ಕಮ್ಮಿ, ಆದ್ರೆ ಎಲೆಕ್ಟ್ರಿಕ್ ಕಾರಲ್ಲಿ ನ್ಯೂಟ್ರಲ್‌ಗೆ ಹಾಕಿದ್ರೂ ಸಾಮಾನ್ಯವಾಗಿ ಮೋಟರ್ ಚಕ್ರದ ಜೊತೆ ತಿರುಗ್ತಾನೇ ಇರುತ್ತೆ, ಹಂಗಾಗಿ ಪೂರ್ತಿ ಇಲ್ಲ ಅನ್ನಕ್ಕಾಗಲ್ಲ. ಬಲಕ್ಕೆ ತಿರುಗಿಸಿದ್ರೆ ಸದ್ದು ಜಾಸ್ತಿ ಆಗುತ್ತೆ, ಇದು ವೀಲ್ ಬೇರಿಂಗ್ (ಚಕ್ರ ಸರಾಗವಾಗಿ ತಿರುಗೋ ಹಂಗೆ ಮಾಡೋ ಭಾಗ) ಹೋಗಿರೋ ಲಕ್ಷಣ ಅಂದ್ರು ಫ್ರೆಂಡು. ಆದ್ರೆ ಮುಂದಿನ ಎಡಗಡೆ ಟೈರ್ ಮೇಲೆ ಕೈಯಾಡಿಸಿದ್ರೆ ಒಳಗಡೆ ಅಂಚು ಗರಗಸದ ಹಲ್ಲಿನ ಥರ ಸವೆದಿದೆ, ಅದೂ ಹಿಂಗೇ ಸದ್ದು ಮಾಡುತ್ತಂತೆ. ಮಾರೋರೇ ವೀಲ್ ಬ್ಯಾಲೆನ್ಸಿಂಗ್ (ಚಕ್ರದ ಸುತ್ತ ತೂಕ ಸಮ ಮಾಡೋದು) ಮಾಡಿಸಿಕೊಟ್ರು, ನಡುಕ ಕಮ್ಮಿಯಾಯ್ತು, ಗುಂಯ್ ಹೋಗ್ಲಿಲ್ಲ. ನಮ್ಮ ಏರಿಯಾ ಮೆಕ್ಯಾನಿಕ್ಕು ಬ್ಯಾಟರಿ ಗಾಡಿ ಮುಟ್ಟಲ್ಲ ಅಂತಾನೆ.

ಹೊಸ ಟೈರ್ ಹಾಕಿಸದೇನೇ ಇದು ಬೇರಿಂಗಾ ಟೈರಾ ಅಂತ ಪಕ್ಕಾ ಮಾಡ್ಕೊಳ್ಳೋದು ಹೇಗೆ? ಮುಂದಿನ ಚಕ್ರ ಹಿಂದಕ್ಕೆ ಬದಲಾಯಿಸಿ ಓಡಿಸಿದ್ರೆ ಸಾಕಾ, ಇಲ್ಲಾ ಲಿಫ್ಟ್ ಮೇಲೆ ಹಾಕಿಸ್ಲೇಬೇಕಾ? ಶನಿವಾರ ಅಡ್ವಾನ್ಸ್ ಕೊಡ್ಬೇಕು, ಅಷ್ಟರೊಳಗೆ ಗೊತ್ತಿರೋರು ಹೇಳಿ ಪ್ಲೀಸ್.